ಅತ್ತೆಯ ಮೂಳೆ ಸಾರು

ನಮ್ಮತ್ತೆ ಉಂಡೆದ್ದ ಎಲೆಗೆ ಬೀದಿನಾಯಿ ಕೂಡ ಬಾಯಿ ಹಾಕುತ್ತಿರಲಿಲ್ಲ. ಹಾಕಿ ಏನು ಮಾಡೀತು ಪಾಪ? ಕೋಳಿಯ ಒಂದೊಂದು ಮೂಳೆಯನ್ನೂ ಕಡಿದು, ಚೀಪಿ, ಎಲೆಯಂಚಿಗೆ ಸಾಲಾಗಿ ಜೋಡಿಸಿಟ್ಟ ಮೇಲೇ ಅವರು ಕೈ ತೊಳೆಯೋದು. "ಮಾಂಸ ನಾಲಿಗೆಗೆ, ಮೂಳೆ ಮೈಗೆ ಕಣೇ" ಅನ್ನೋರು.

ಭದ್ರಾವತಿಯ ನಮ್ಮ ಹಿತ್ತಿಲಲ್ಲಿ ಅವರ ಕೋಳಿಗಳಿದ್ದವು. ಹೊರಗೆ ಬಿಟ್ಟರೆ ಕಳ್ಳರ ಪಾಲು ಅಂತ ಗುಜರಿಯಿಂದ ಹಳೇ ತಗಡು ತರಿಸಿ ದೊಡ್ಡಿ ಕಟ್ಟಿಸಿದ್ದರು. ತಗಡಿನ ಕೆಂಪು ಬಣ್ಣ ಹಕ್ಕಳೆ ಎದ್ದು ಉದುರುತ್ತಿತ್ತು, ಕೋಳಿಗಳು ಹೆಕ್ಕುತ್ತಿದ್ದವು. ಕೆಂಪು ತಿಂದರೆ ಮೊಟ್ಟೆಯ ಹಳದಿಯೂ ಕೆಂಪಗಾಗುತ್ತೆ ಅಂತ ಅತ್ತೆಯ ತಲೆಗೆ ಹೊಳೆಯಿತು ನೋಡಿ, ಆಮೇಲೆ ತಾವೇ ಕೆರೆದು ನುಚ್ಚಿಗೆ ಬೆರೆಸತೊಡಗಿದರು. ಅವರ ಬುದ್ಧಿವಂತಿಕೆ ಕೇಳಬೇಕೆ!

ತವರಲ್ಲಿ ಅಮ್ಮ ಇರಲಿಲ್ಲವಾಗಿ ನನ್ನ ಬಾಣಂತನ ಅತ್ತೆಯದೇ. ದಿನಾ ಮಧ್ಯಾಹ್ನ ಒಂದು ದೊಡ್ಡ ಲೋಟ ಮೂಳೆ ಸಾರು, ಮೆಣಸು ಬೆಳ್ಳುಳ್ಳಿ ಜಡಿದು. ತಿಂಗಳು ಕಳೆಯುವಷ್ಟರಲ್ಲಿ ಕೋಳಿಗಳ ರೆಕ್ಕೆ ಜೋತವು, ಕಾಲು ಸೋತವು. ಒಂದು ದಿನ ಸಾರಿಗೆಂದು ಕೊಯ್ದ ಕೋಳಿಯ ಹೊಟ್ಟೆ ತುಂಬ ಕೆಂಪು ಚೂರು. ಪಕ್ಕದ ಮನೆಯ ಕಾಂಪೌಂಡರ್ ಬಂದು ನೋಡಿದರು. ಇದು ಸೀಸದ ಬಣ್ಣ, ತಿಂದಷ್ಟೂ ಮೂಳೆಗಿಳಿದು ಅಲ್ಲೇ ಸೇರಿಕೊಳ್ಳುತ್ತೆ, ಬೇಯಿಸಿದರೆ ಸಾರಿಗೂ ಬರುತ್ತೆ, ಹಾಲಿನಲ್ಲಿ ಮಗುವಿಗೂ ಹೋಗುತ್ತೆ, ಬಾಣಂತಿಗೆ ಕೊಡಲೇಬೇಡಿ ಅಂದರು. ಅತ್ತೆ ನನ್ನ ತೊಡೆಯ ಮೇಲಿದ್ದ ಮಗುವನ್ನು ನೋಡಿದರು.

ಅವತ್ತೇ ಗುಂಡಿ ತೋಡಿಸಿ ಅಷ್ಟೂ ಕೋಳಿಗಳನ್ನು ಹೂಳಿಸಿದರು. ಶಿವಮೊಗ್ಗದ ಸಂತೆಯಲ್ಲಿ ಮಾರಿದರೆ ಯಾರಿಗೆ ಗೊತ್ತಾಗುತ್ತೆ ಅಂತ ಯಾರೋ ಅಂದದ್ದಕ್ಕೆ, "ಅಲ್ಲಿ ಬಾಣಂತೀರು ಇಲ್ವೇನೋ?" ಅಂದರು.

ಅಲ್ಲಿಂದ ಶುರುವಾಯಿತು ಅವರ ಕೊರಗು. ಮಗ ತಡವಾಗಿ ನಡೆದ, ಅತ್ತೆ ಅತ್ತರು. ಆಡುವಾಗ ಎಡವಿದ, ಅತ್ತೆ ಅತ್ತರು. ಹೋದಲ್ಲಿ ಬಂದಲ್ಲಿ ಅವನ ಕಾಲು ಒತ್ತಿ ನೋಡೋರು. "ನಾನೇ ಕೈಯಾರ ಎರೆದೆನಲ್ಲೇ."

ನಿಜ ಏನೆಂದರೆ ಆ ಸಾರು ನನಗೆ ಸೇರುತ್ತಿರಲಿಲ್ಲ. ಅವರ ಕಣ್ಣೆದುರು ಎರಡು ಗುಟುಕು, ಅವರು ಕೋಳಿ ನೋಡಲು ಹೋದರೆ ಉಳಿದದ್ದೆಲ್ಲ ಬಚ್ಚಲಿಗೆ. ಇದನ್ನು ಅವರಿಗೆ ಹೇಳೋದು ಯಾವ ಬಾಯಲ್ಲಿ? ಅವರ ಸಾರು ಚೆಲ್ಲಿದವಳು ಆ ಮನೆಯಲ್ಲಿ ಬಾಳಿ ಬದುಕೋದುಂಟೆ? ಹೆದರಿ ಬಾಯಿ ಮುಚ್ಚಿಕೊಂಡೆ.

ಕೊನೆಗೆ ಅವರು ಹಾಸಿಗೆ ಹಿಡಿದದ್ದು ಶಿವಮೊಗ್ಗದ ದುರ್ಗಿಗುಡಿಯಲ್ಲಿದ್ದ ಮಗಳ ಮನೆಯಲ್ಲಿ. ನೋಡಲು ಹೋದೆವು. ಎಂಟು ವರ್ಷದ ಮೊಮ್ಮಗನನ್ನು ಕೈಸನ್ನೆ ಮಾಡಿ ಹತ್ತಿರ ಕರೆದು, ಮತ್ತೆ ಅವನ ಮೊಣಕಾಲು ಒತ್ತಿದರು. ನನಗೆ ತಡೆಯಲಾಗಲಿಲ್ಲ.

"ಅತ್ತೆ, ಆ ಸಾರು ನಾನು ಕುಡೀಲಿಲ್ಲ. ದಿನಾ ಬಚ್ಚಲಿಗೆ ಚೆಲ್ತಿದ್ದೆ."

ಅತ್ತೆಯ ಕೈ ಹುಡುಗನ ಕಾಲು ಬಿಟ್ಟಿತು. "ಪೂರ್ತಿನಾ?"

"ನಿಮ್ಮೆದುರು ಎರಡು ಗುಟುಕು ಕುಡೀತಿದ್ದೆ. ಅಷ್ಟೇ."

ಆಮೇಲೆ ಬೈಗುಳ ಶುರುವಾಯಿತು ನೋಡಿ. ನಾನು, ನನ್ನ ತವರು, ನನ್ನ ಏಳು ತಲೆಮಾರು, ಯಾರನ್ನೂ ಬಿಡಲಿಲ್ಲ. ಮೂರು ದಿನದಿಂದ ಮಾತೇ ಆಡಿಲ್ಲದ ಮುದುಕಿ! ನಾದಿನಿ ಗಾಬರಿಯಾಗಿ ಅಡುಗೆಮನೆಯಿಂದ ಓಡಿಬಂದಳು. ಬೈದು ಸುಸ್ತಾಗಿ ಗಂಜಿ ಕೇಳಿದರು. ಪೂರ್ತಿ ಕುಡಿದು, "ಎಂಟು ವರ್ಷ ನನ್ನ ಹೊಟ್ಟೆ ಉರಿಸಿದ್ಯಲ್ಲೇ ಮಾರಾಯ್ತಿ" ಅಂತ ಮಗ್ಗುಲಾಗಿ ನಿದ್ದೆ ಹೋದರು.

ಮುಂದಿನ ವಾರ ತೀರಿಕೊಂಡರು. ಆ ಬೈಗುಳವನ್ನು ಎಂಟು ವರ್ಷ ಮೊದಲೇ ತಿಂದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?