ಇನ್ನೂರ ಹನ್ನೊಂದು ದಿನಗಳ ಹೂಹನಿ

ಅಕ್ಕ ಹೂವಿನ ಹನಿಗಳನ್ನು ತೆಗೆದುಕೊಂಡದ್ದು ಸಂಕ್ರಾಂತಿಯ ಮರುದಿನದಿಂದ ಶ್ರಾವಣದವರೆಗೆ, ಒಟ್ಟು ಇನ್ನೂರ ಹನ್ನೊಂದು ದಿನ. ಇದನ್ನು ಮೂರು ಆಧಾರಗಳಿಂದ ತಾಳೆ ನೋಡಿದ್ದೇನೆ: ನನ್ನ ದಿನಚರಿ, ಬಾಟಲಿಗಳ ಮೇಲೆ ಅಂಟಿಸಿದ ಚೀಟಿ, ಬೆಳಿಗ್ಗೆ ಹನಿ ಹಾಕಿಕೊಂಡ ಕೂಡಲೇ ಅಕ್ಕ ಗೋಡೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಹಾಕುತ್ತಿದ್ದ ಗೀಟು. ಶಾಸನಗಳ ಕಾಲನಿರ್ಣಯ ನನ್ನ ವೃತ್ತಿಯಾಗಿತ್ತು. ಕಲ್ಲಿನಲ್ಲಿ ಕೆತ್ತಿದ ತಿಥಿಗೂ ವಾರಕ್ಕೂ ಹೊಂದಿಕೆಯಿದೆಯೇ ಎಂದು ನೋಡುತ್ತ ಮೂವತ್ತು ವರ್ಷ ಕಳೆದವನಿಗೆ, ನಿವೃತ್ತಿಯ ನಂತರವೂ ಆ ಚಾಳಿ ಬಿಡಲಿಲ್ಲ. ಬಿಟ್ಟಿದ್ದರೆ ಇದನ್ನು ಬರೆಯುವ ಪ್ರಸಂಗ ಬರುತ್ತಿರಲಿಲ್ಲ.

ನಾನಿರುವುದು ಗೋಕಾಕದಲ್ಲಿ, ಅಕ್ಕನ ಮನೆ ಕೊಣ್ಣೂರಿನಲ್ಲಿ. ಅವಳ ಒಬ್ಬಳೇ ಮಗಳು ಮೂಡಲಗಿಯ ಶಾಲೆಯೊಂದರಲ್ಲಿ ಶಿಕ್ಷಕಿಯಾಗಿದ್ದಳು. ಕಾರ್ತಿಕದಲ್ಲಿ ಕಾಮಾಲೆ ಬಂದು ಎರಡು ವಾರವೂ ಉಳಿಯಲಿಲ್ಲ. ಮಣ್ಣು ಮಾಡಿ ಬಂದ ದಿನ ಅಕ್ಕ ಅಳಲಿಲ್ಲ. ಬಂದವರಿಗೆಲ್ಲ ತಾನೇ ಚಹಾ ಮಾಡಿಕೊಟ್ಟಳು. ಅವಳ ದುಃಖ ಕಾಣಿಸಿಕೊಂಡದ್ದು ಬೇರೆ ಜಾಗದಲ್ಲಿ.

ಎಂಟನೆಯ ವಯಸ್ಸಿನಲ್ಲಿ ದೀಕ್ಷೆಯಾದಂದಿನಿಂದ ಅಕ್ಕ ಒಂದು ದಿನವೂ ಲಿಂಗಪೂಜೆ ತಪ್ಪಿಸಿದವಳಲ್ಲ. ಸ್ನಾನ ಮಾಡಿ, ಕೊರಳಲ್ಲಿ ಕಟ್ಟಿಕೊಂಡ ಬೆಳ್ಳಿಯ ಕರಡಿಗೆಯನ್ನು ತೆರೆದು, ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು, ವಿಭೂತಿ ಧರಿಸಿ ಒಂದು ಹೂವು ಏರಿಸಿದ ಮೇಲೆಯೇ ಅವಳ ಬಾಯಿಗೆ ನೀರು. ಮಗಳು ಹೋದ ಮೇಲೆ ಆ ಅಂಗೈ ನಡುಗತೊಡಗಿತು. ಬೇರೆ ಯಾವ ಕೆಲಸಕ್ಕೂ ನಡುಗದ ಕೈ ಲಿಂಗ ಹಿಡಿದಾಗ ಮಾತ್ರ ನಡುಗುತ್ತಿತ್ತು. ಒಂದು ಬೆಳಿಗ್ಗೆ ಲಿಂಗ ಜಾರಿ ನೆಲಕ್ಕೆ ಬಿತ್ತು. ಅಕ್ಕನ ಗಂಡ, ನಾನು ಮಾಮಾ ಎಂದು ಕರೆಯುವವರು, ಮಣೆಯ ಕೆಳಗಿನಿಂದ ಅದನ್ನು ಎತ್ತಿ ಕಣ್ಣಿಗೊತ್ತಿಕೊಂಡು ಅವಳಿಗೆ ಕೊಟ್ಟರು. ಅಂದಿನಿಂದ ಅಕ್ಕ ಕರಡಿಗೆ ತೆರೆಯುವುದನ್ನೇ ಬಿಟ್ಟಳು. ಜೊತೆಗೆ ಊಟವೂ ಕಡಿಮೆಯಾಯಿತು, ಏಕೆಂದರೆ ಪೂಜೆಯಿಲ್ಲದೆ ಉಣ್ಣುವುದು ಅವಳಿಗೆ ಗೊತ್ತಿರಲಿಲ್ಲ.

ಹುಕ್ಕೇರಿಯಲ್ಲಿ ಹೂವಿನ ಹನಿ ಕೊಡುವವರೊಬ್ಬರಿದ್ದಾರೆಂದು ಹೇಳಿದ್ದು ಅಕ್ಕನ ಮಗಳ ಶಾಲೆಯವರು. ಹನಿ ಕೊಡುವ ಆಕೆ ನಿವೃತ್ತ ಶಿಕ್ಷಕಿ; ಎಲ್ಲರೂ ಬಾಯಾರು ಎನ್ನುತ್ತಿದ್ದರು. ನಾನು ಗೋಕಾಕದಲ್ಲಿ ಬಸ್ಸು ಹತ್ತಿ ಕಿಟಕಿಯ ಪಕ್ಕ ಟವೆಲ್ ಹಾಸಿ ಜಾಗ ಹಿಡಿದೆ. ಅಕ್ಕ ಕೊಣ್ಣೂರಿನಲ್ಲಿ ಹತ್ತಿದಳು.

ಬಾಯಾರ ಮಾಳಿಗೆಯ ಮೇಲೆ ಗಾಜಿನ ಬೋಗುಣಿಗಳಲ್ಲಿ ನೀರು, ನೀರಿನ ಮೇಲೆ ಹೂವು. ಬೆರಳು ತಾಗದಂತೆ ಎಲೆಯಿಂದ ಹಿಡಿದು ಕೊಯ್ದ ಹೂಗಳನ್ನು ಮುಂಜಾನೆಯ ಬಿಸಿಲಿನಲ್ಲಿ ಮೂರು ತಾಸು ತೇಲಿಬಿಟ್ಟು, ಆ ನೀರನ್ನು ಸೋಸಿ ಬಾಟಲಿಗೆ ತುಂಬುವುದು ಅವರ ಪದ್ಧತಿ. ತುಂಬೆ, ಪಾರಿಜಾತ, ಸೇವಂತಿಗೆ, ದಾಸವಾಳ. ಒಂದೊಂದು ಹೂವು ಒಂದೊಂದು ಮನಸ್ಥಿತಿಗೆ. ಕೊಡುವ ಮೊದಲು ಒಂದು ತಾಸು ಅಕ್ಕನನ್ನು ಮಾತಾಡಿಸಿದರು.

"ಅಳು ಬರತೈತೇನ್ರಿ ಅಕ್ಕಾರ?"

"ಇಲ್ರಿ. ಬಂದಿದ್ರ ಹಗರ ಆಗತಿತ್ತು."

"ಕೈ ಯಾವಾಗ ನಡಗತೈತ್ರಿ?"

"ಲಿಂಗ ಹಿಡದಾಗ." ಎಡ ಅಂಗೈ ನೋಡಿಕೊಳ್ಳುತ್ತ ಅಕ್ಕ ಹೇಳಿದಳು, "ಹುಟ್ಟಿದಾಗ ಆಕಿ ತಲೀನೂ ಇದ ಕೈಯಾಗ ಹಿಡದಿದ್ನಿರಿ."

ಈ ಮಾತನ್ನು ಅವಳು ನನಗಾಗಲಿ ಮಾಮಾನಿಗಾಗಲಿ ಎಂದೂ ಹೇಳಿರಲಿಲ್ಲ. ಬಾಯಾರು ತುಂಬೆ ಮತ್ತು ಪಾರಿಜಾತದ ಹನಿಗಳನ್ನು ಕೂಡಿಸಿ ಸಣ್ಣ ಬಾಟಲಿಗೆ ಹಾಕಿ, ಅಂದಿನ ದಿನಾಂಕ ಬರೆದ ಚೀಟಿ ಅಂಟಿಸಿದರು. ಸ್ನಾನವಾದ ಮೇಲೆ, ಪೂಜೆಗೆ ಮುನ್ನ, ನಾಲಿಗೆಯ ಕೆಳಗೆ ನಾಲ್ಕು ಹನಿ; ಔಷಧವಾದ್ದರಿಂದ ಅಕ್ಕ ಒಪ್ಪಿದಳು. ಇದು ಕೆಲಸ ಮಾಡುತ್ತದೆಂಬುದಕ್ಕೆ ಪುರಾವೆ ಏನೆಂದು ನಾನು ಕೇಳಿದೆ.

"ಸರ, ನಿಮಗ ಪುರಾವೆ ಬೇಕು, ಅಕ್ಕಾರಿಗೆ ಪೂಜಿ ಬೇಕು. ಎರಡಕ್ಕೂ ಒಂದ ಬಾಟ್ಲಿ ಸಾಲಂಗಿಲ್ರಿ," ಎಂದರು. ಅಕ್ಕ ನಕ್ಕಳು. ಕಾರ್ತಿಕದಿಂದ ಈಚೆಗೆ ನಾನು ಕಂಡ ಮೊದಲ ನಗು ಅದು.

ಒಂದೇ ವಾರದಲ್ಲಿ ಅಕ್ಕ ಕರಡಿಗೆ ತೆರೆದಳು. ಕೈ ಸ್ವಲ್ಪ ನಡುಗಿತಂತೆ, ಆದರೆ ಲಿಂಗ ನಿಂತಿತು. ಯುಗಾದಿಯ ಹೊತ್ತಿಗೆ ಹೋಳಿಗೆ ಮಾಡಿದಳು. ಪೂಜೆಯಲ್ಲಿ ಕುಳಿತಾಗ ಒಮ್ಮೊಮ್ಮೆ ಅಳು ಬರುತ್ತದೆಂದು ನನಗೆ ಸಂತೋಷದಿಂದ ಹೇಳಿದಳು. ಹೂವು ನೀರಿಗೆ ಏನನ್ನೋ ಕೊಟ್ಟು ಹೋಗುತ್ತದೆಂಬುದನ್ನು ನಾನು ನಂಬಲಿಲ್ಲ, ಈಗಲೂ ನಂಬುವುದಿಲ್ಲ. ನನ್ನ ಓದಿಗೆ ಸಿಕ್ಕ ಮಟ್ಟಿಗೆ ಅದಕ್ಕೆ ಗಟ್ಟಿಯಾದ ಆಧಾರವಿರಲಿಲ್ಲ. ಕೇಳಿಸಿಕೊಳ್ಳುವ ಒಬ್ಬ ಹೆಂಗಸು ಅವಳಿಗೆ ಸಿಕ್ಕಿದ್ದೇ ಔಷಧವಾಗಿರಬಹುದು ಎಂದುಕೊಂಡೆ. ಅಷ್ಟಕ್ಕೇ ನಿಲ್ಲಬೇಕಿತ್ತು.

ಆಷಾಢದಲ್ಲಿ ಇಂಥ ಹನಿಗಳನ್ನು ತಯಾರಿಸುವ ಕ್ರಮವನ್ನು ಓದುತ್ತಿದ್ದಾಗ, ಹೂವಿನ ನೀರು ಕೆಡದಿರಲೆಂದು ಅದಕ್ಕೆ ಬ್ರಾಂದಿ ಬೆರೆಸುವ ರೂಢಿಯಿದೆ ಎಂಬುದು ಕಣ್ಣಿಗೆ ಬಿತ್ತು. ಬಾಯಾರಿಗೆ ಫೋನ್ ಮಾಡಿದೆ. ಅವರು ಮುಚ್ಚಿಡಲಿಲ್ಲ. "ಹೌದ್ರಿ ಸರ, ಕೆಡಬಾರದಂತ ಒಂದೀಟ ಹಾಕತೇನ್ರಿ. ನಾಲ್ಕ ಹನಿಯಾಗ ಎಷ್ಟ ಬರತೈತ್ರಿ ಅದು? ಬ್ಯಾಡಂದ್ರ ಮುಂದಿನ ಸಲ ಬರೇ ನೀರಾಗ ಮಾಡಿ ಕೊಡತೇನಿ, ಎರಡ ದಿನಕ್ಕೊಮ್ಮಿ ಒಯ್ಯಬೇಕಾಗತೈತಿ ಅಷ್ಟ."

ನಾನು ಸುಮ್ಮನೆ ಬಾಟಲಿ ಬದಲಿಸಬಹುದಿತ್ತು. ಆದರೆ ಶೆರೆ ಮುಟ್ಟದ ಮನೆತನದಲ್ಲಿ ಹುಟ್ಟಿದ ಹೆಂಗಸಿಗೆ ತಾನು ಸೇವಿಸುವುದರಲ್ಲಿ ಏನಿದೆ ಎಂದು ತಿಳಿಯುವ ಹಕ್ಕಿದೆ ಎಂದು ತರ್ಕಿಸಿದೆ. ತರ್ಕ ಈಗಲೂ ತಪ್ಪೆನಿಸುವುದಿಲ್ಲ.

ಶ್ರಾವಣದ ಒಂದು ಸೋಮವಾರ ಕೊಣ್ಣೂರಿಗೆ ಹೋದೆ. ಅಕ್ಕನ ಪೂಜೆ ಮುಗಿದ ಮೇಲೆ ಹೇಳಿದೆನೆಂದು ಬಹಳ ಕಾಲ ನಂಬಿದ್ದೆ. ಈ ಬರಹಕ್ಕಾಗಿ ದಾಖಲೆಗಳನ್ನು ಮತ್ತೆ ತೆಗೆದಾಗ ಅದು ಸುಳ್ಳೆಂದು ತಿಳಿಯಿತು. ದಿನಚರಿಯಲ್ಲಿ ಮೊದಲ ಬಸ್ಸೆಂದು ಬರೆದಿದೆ. ಕ್ಯಾಲೆಂಡರಿನಲ್ಲಿ ಆ ಸೋಮವಾರದ ಮನೆ ಖಾಲಿಯಿದೆ. ಹಿಂದಿನ ಭಾನುವಾರದ್ದೇ ಕೊನೆಯ ಗೀಟು. ಅವಳು ಮಿಂದು, ಹೂವು ತೆಗೆದಿಟ್ಟುಕೊಂಡು, ಬಾಟಲಿಯ ಮುಚ್ಚಳ ಬಿಚ್ಚುತ್ತಿದ್ದಾಗ ನಾನು ಹೇಳಿದೆ. ಇಂಥ ಒಂದು ಮರೆವು ಇಷ್ಟು ದಿನ ನನ್ನನ್ನು ಕಾಪಾಡಿಕೊಂಡು ಬಂದಿತ್ತು.

ಅಕ್ಕ ಮುಚ್ಚಳವನ್ನು ಮತ್ತೆ ತಿರುಗಿಸಿ ಹಾಕಿದಳು. "ಎಷ್ಟ ದಿನ ಆತು ತಮ್ಮಾ, ನಾ ಇದನ್ನ ತುಗೊಳ್ಳಾಕತ್ತು?"

ಅವಳು ಲೆಕ್ಕ ಕೇಳಿರಲಿಲ್ಲ. ಬಹಳ ದಿನವೇನಲ್ಲ ಎಂಬ ಒಂದು ಮಾತು ಕೇಳಿದ್ದಳು. ನಾನು ಗೋಡೆಯ ಬಳಿ ಹೋಗಿ ಕ್ಯಾಲೆಂಡರಿನ ಹಾಳೆಗಳನ್ನು ಮಗುಚಿ ಎಣಿಸಿದೆ. "ಇನ್ನೂರಾ ಹದಿನಾಕು ದಿನ. ನಡುವ ಮೂರ ದಿನ ಬಾಟ್ಲಿ ಖಾಲಿ ಆಗಿತ್ತು. ಇನ್ನೂರಾ ಹನ್ನೊಂದು," ಎಂದೆ.

"ಇನ್ನೂರಾ ಹನ್ನೊಂದ ದಿನ," ಎಂದಳು ಅಕ್ಕ. "ಬಾಯಾಗ ಶೆರೆ, ಕೈಯಾಗ ಲಿಂಗ."

ಮಾಮಾ ಹೊರಗಿನ ಕಟ್ಟೆಯಿಂದ ಎದ್ದು ಬಂದರು. ಅವರಷ್ಟು ಮೆತ್ತನೆಯ ಮನುಷ್ಯನನ್ನು ನಾನು ಕಂಡಿಲ್ಲ. "ಏನಪಾ ಸಂಶೋಧಕಾ, ಸಾವಿರ ವರ್ಷದ ಕಲ್ಲಿನ ತಪ್ಪ ತಿದ್ದೋದು ಮುಗೀತೇನ? ಈಗ ನಮ್ಮ ಮನಿಗೆ ಬಂದೀದಿ? ನಿನಗ ಗೊತ್ತಾತು, ಬರೋಬರಿ. ಆಕಿಗೆ ಹೇಳಾಕ ನಿನಗ ಯಾರ ಹೇಳಿದ್ರು?"

"ಅವಗ್ಯಾಕ ಬೈತೀರಿ?" ಎಂದಳು ಅಕ್ಕ. "ಅಂವ ಖರೆ ಹೇಳ್ಯಾನ." ಆ ರಕ್ಷಣೆ ಮಾಮಾನ ಬೈಗುಳಕ್ಕಿಂತ ಭಾರವಾಗಿತ್ತು.

ಅಂದಿನಿಂದ ಅಕ್ಕ ಮತ್ತೆ ಪೂಜೆ ನಿಲ್ಲಿಸಿದಳು. ಹದಿನೈದು ದಿನಗಳ ನಂತರ ಅವಳನ್ನು ಮಠಕ್ಕೆ ಕರೆದುಕೊಂಡು ಹೋದೆವು. ಸ್ವಾಮಿಗಳು ಎಲ್ಲವನ್ನೂ ಕೇಳಿ, ತಿಳಿಯದೆ ತೆಗೆದುಕೊಂಡ ಔಷಧಕ್ಕೆ ದೋಷವಿಲ್ಲ, ನಾಳೆಯಿಂದಲೇ ಪೂಜೆ ಮಾಡು ತಾಯಿ ಎಂದರು. ಅಕ್ಕ ನಮಸ್ಕರಿಸಿ ಆಗಲಿ ಎಂದಳು. ಮರುದಿನ ಮಣೆಯ ಮೇಲೆ ಕುಳಿತು, ಕರಡಿಗೆಯನ್ನು ಮುಟ್ಟಿ, ಹಾಗೆಯೇ ಎದ್ದಳು. ದೋಷವಿಲ್ಲವೆಂದು ಅವಳ ಬುದ್ಧಿ ಒಪ್ಪಿತ್ತು, ಕೈ ಒಪ್ಪಲಿಲ್ಲ.

ದಸರೆ ಕಳೆದ ಮೇಲೆ ನಾನೇ ಹುಕ್ಕೇರಿಗೆ ಹೋಗಿ ಬಾಯಾರಿಂದ ವಿಧಾನ ಕಲಿತು ಬಂದೆ. ಕೊಣ್ಣೂರಿನ ಮನೆಯ ಅಂಗಳದಲ್ಲಿ ಗಾಜಿನ ಬೋಗುಣಿಯಿಟ್ಟು, ಅಕ್ಕನ ಎದುರಿಗೇ ನೀರು ಸುರಿದು, ಬದುವಿನ ಮೇಲಿನ ತುಂಬೆಯನ್ನೂ ಹಿತ್ತಲಿನ ಪಾರಿಜಾತವನ್ನೂ ಎಲೆಯಲ್ಲಿ ಹಿಡಿದು ತೇಲಿಬಿಟ್ಟೆ. ಯಾವ ವಿದ್ಯೆಯನ್ನು ನಂಬುವುದಿಲ್ಲವೋ ಅದನ್ನು ಅಂದು ಅಕ್ಷರಶಃ ಪಾಲಿಸಿದೆ. ಮೂರು ತಾಸು ಗಡಿಯಾರ ನೋಡಿದೆ. ಮಾಮಾ ಕಟ್ಟೆಯ ಮೇಲೆ ಕುಳಿತು ಕಾಗೆ ಓಡಿಸಿದರು. ಸೋಸಿದ ನೀರನ್ನು ಲೋಟದಲ್ಲಿ ಹಾಕಿ ಅಕ್ಕನ ಮುಂದೆ ಹಿಡಿದೆ.

"ಬರೇ ನೀರ ಏನೋ?"

"ಬರೇ ನೀರ ಅಕ್ಕಾ. ನೀನ ನೋಡೀದೆಲ್ಲಾ."

"ನೋಡೇನಿ. ನೀ ಸುಳ್ಳ ಹೇಳಾವಲ್ಲ ಅನ್ನೂದೂ ಗೊತ್ತೈತಿ." ಅವಳು ಲೋಟ ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದಳು, ಮೂಸಿದಳು. "ಈಗ ಏನ ಬಾಯಿಗಿಟ್ಟರೂ ಇದರಾಗ ಏನೈತಿ ಅಂತ ಕೇಳತೈತಿ ಮನಸ. ಚಹಾ ಕುಡಿಯಾಕ ಹೋದ್ರೂ ಹಂಗ. ನಿನ್ನ ಬ್ಯಾನಿ ನನಗ ಹತ್ತೈತಿ ನೋಡ ತಮ್ಮಾ." ನಗಿಸಲೆಂದೇ ಹೇಳಿದ ಮಾತು ಅದು. ಮಾಮಾ ನಕ್ಕರು. ನನಗೆ ಆಗಲಿಲ್ಲ.

ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಆಮೇಲೆ ಕುಡಿಯುತ್ತೇನೆ ಎಂದು ನನಗಾಗಿ ಹೇಳಿ, ರೊಟ್ಟಿ ಬಡಿಯಲು ಎದ್ದಳು. ನಾನು ಸಂಜೆಯವರೆಗೂ ಅಲ್ಲಿಯೇ ಕುಳಿತೆ. ದೀಪ ಹಚ್ಚುವ ಹೊತ್ತಿಗೆ ಅಕ್ಕ ಕೈಕಾಲು ತೊಳೆದು ಬಂದು ಮಣೆ ಹಾಕಿ ಕುಳಿತಳು. ಲೋಟದ ನೀರು ಇಟ್ಟ ಹಾಗೆಯೇ ಇತ್ತು. ಎಡ ಅಂಗೈಯನ್ನು ಎದೆಯ ಮಟ್ಟಕ್ಕೆ ತಂದು, ಏನನ್ನೋ ಹಿಡಿದವಳಂತೆ ಬೆರಳುಗಳನ್ನು ಸ್ವಲ್ಪ ಮಡಿಸಿ, ಕಣ್ಣು ಮುಚ್ಚಿದಳು. ಬರಿದಾದ ಆ ಕೈ ನಡುಗಲಿಲ್ಲ. ಕರಡಿಗೆ ಮುಚ್ಚಿಯೇ ಇತ್ತು.