ಸುಬೇದಾರರ ನೀರಿನ ಪರೀಕ್ಷೆ

ಆಫ್ರಿಕಾದ ಯಾವ ಹಳ್ಳಿಯ ಮನೆಗೆ ಹೋದರೂ ಸುಬೇದಾರ್ ರಾಚಯ್ಯನವರು ಟೋಪಿ ತೆಗೆದು ಕುಳಿತು, ಕೊಟ್ಟ ನೀರನ್ನು ಲೋಟದೊಳಗೆ ಇಣುಕದೆ ಗಟಗಟ ಕುಡಿಯುತ್ತಿದ್ದರು. ಅದರ ಬಣ್ಣ ನೋಡಿ ಪಕ್ಕದಲ್ಲಿದ್ದ ನಾನು ಕಣ್ಣು ಮುಚ್ಚಿಕೊಂಡು ಕುಡಿಯುತ್ತಿದ್ದೆ.

ಶಾಂತಿಪಡೆಗೆ ಹೊರಡುವ ಮುನ್ನ, ಪರದೇಶದ ಜನರೊಂದಿಗೆ ಹೇಗೆ ನಡೆದುಕೊಳ್ಳಬೇಕೆಂದು ನಮ್ಮ ತುಕಡಿಗೆ ಕಲಿಸಿದವರೂ ಅವರೇ. ಪಾಠ ಕಡಿಮೆ, ನಾಟಕ ಜಾಸ್ತಿ. ಡೇರೆಯೊಳಗೆ ಕಂಬಳಿ ಹೊದ್ದು ಮನೆಯ ಹಿರಿಯನಂತೆ ಕೂರುತ್ತಿದ್ದರು. ನಾವು ಒಬ್ಬೊಬ್ಬರಾಗಿ ಹೋಗಿ ಮಾತಾಡಿಸಬೇಕು. ನಾನು ಸೊಗಸಾಗಿ ಕೈಮುಗಿದೆ, ಕ್ಷೇಮ ವಿಚಾರಿಸಿದೆ, ಅವರಿಟ್ಟ ಲೋಟದೊಳಗೆ ಒಮ್ಮೆ ನೋಡಿದೆ. ಅಷ್ಟಕ್ಕೇ ಫೇಲು.

"ಲೇ ಅನಕೆರೆ, ನೀರ್ನಲ್ಲಿ ಏನ್ಲಾ ನೋಡ್ತೀಯ? ಮನೆಯೋನು ನಿನ್ ಕಣ್ಣೇ ನೋಡ್ತಾವ್ನೆ. ನೀನು ಕುಡುದ್ರೆ ತಾನೆ ಅವ್ನು ಬಾಯ್ ಬುಡದು!"

ನಾನು ಹನಕೆರೆಯವನು, ಅವರು ಪೂರಿಗಾಲಿಯಿಂದಾಚೆಯ ಹಳ್ಳಿಯವರು. ತಮ್ಮ ಕಡೆಯವನೆಂಬ ಸಲಿಗೆಗೆ ಬೈಗುಳವೂ ಹೆಚ್ಚು.

ಅವರು ನಿವೃತ್ತರಾದ ಮೇಲೆ ರಜೆಯಲ್ಲಿ ನೋಡಲು ಹೋದೆ. ಅವರ ಹೆಂಡತಿ ತೀರಿಕೊಂಡಿದ್ದರು. ಗೋಡೆಯ ಮೇಲೆ ಬುದ್ಧನ ಪಟ, ಜಗಲಿಯಲ್ಲಿ ಥಳಥಳ ಬೆಳಗಿದ ಚೊಂಬು, ಲೋಟ. ನಾನು ನೀರು ಕುಡಿದು ಮುಗಿಸಿದಾಗ ಮೇಲಿನ ಕೇರಿಯ ಚಿಕ್ಕಣ್ಣ ಬಂದು ಅಂಗಳದಲ್ಲೇ ನಿಂತ. ಮಗನನ್ನು ಮಿಲಿಟ್ರಿಗೆ ಸೇರಿಸುವ ವಿಷಯ ಕೇಳಬೇಕಿತ್ತು. ಸುಬೇದಾರರು ಇನ್ನೊಂದು ಲೋಟ ನೀರು ಹಿಡಿದು ಅಂಗಳಕ್ಕಿಳಿದರು.

"ಈಗ್ತಾನೆ ಕುಡ್ಕಬಂದೆ, ಬುಡಪ್ಪ," ಎಂದು ಅವನು ಹಿಂದೆ ಸರಿದ.

ಅವರು ಬೇಸರ ತೋರದೆ ಓಟ, ಎತ್ತರ, ಎದೆಯಳತೆ ಎಲ್ಲವನ್ನೂ ವಿವರಿಸಿ ಕಳಿಸಿದರು. ನನಗೆ ಮೈ ಉರಿಯಿತು. "ಏನ್ ಸಾಬ್ ಇದು?" ಎಂದೆ.

"ಜಾತಿ ಕಣ್ಲಾ. ನಮ್ ಕೇರಿ ನೀರು ಅವರ್ಗಾಗಕಿಲ್ಲ. ಈ ಊರ್ಗೆ ಟ್ರೇನಿಂಗ್ ಕೊಡಕ್ಕೆ ಯಾರೂ ಬಂದಿಲ್ಲ, ಬುಡು," ಎಂದು ನಕ್ಕರು. ನಾನು ಕುಡಿದಿಟ್ಟ ಲೋಟವನ್ನು ಎತ್ತಿಕೊಂಡು, "ಈ ಲೋಟುಕ್ಕೆ ನನ್ ಬಾಯಿ ಬುಟ್ರೆ ನಿಂದೇಯ," ಎಂದರು. ಆ ಮನೆಯಲ್ಲಿ ಅವರೊಬ್ಬರನ್ನೇ ಬಿಟ್ಟು ಬರಲು ನನಗೆ ಮನಸ್ಸೇ ಬರಲಿಲ್ಲ.

ಮುಂದಿನ ರಜೆಗೆ ಹೋದಾಗ ಬೀಗ ಹಾಕಿತ್ತು. ದಾರಿಯಲ್ಲಿ ಸಿಕ್ಕ ಚಿಕ್ಕಣ್ಣ ಯಾವೂರು, ಯಾರ ಪೈಕಿ ಎಂದೆಲ್ಲ ವಿಚಾರಿಸಿ, ನಾನೂ ತನ್ನ ಜಾತಿಯವನೇ ಎಂದು ಖಾತ್ರಿಯಾದ ಮೇಲೆ ಮನೆಗೆ ಕರೆದೊಯ್ದು ಕೂರಿಸಿದ.

"ತೀರೋದ್ರು ಕಣಪ್ಪ. ನನ್ ಮಗ ಸೆಲೆಕ್ಟ್ ಆದ್ದು ಅವರಿಂದ್ಲೇಯ. ದೇವ್ರಂತ ಮನ್ಸ," ಎಂದು ಕಣ್ಣೊರೆಸಿಕೊಂಡು ನೀರು ತಂದಿಟ್ಟ.

ಎದ್ದು ಹೋಗಿಬಿಡಬೇಕೆನಿಸಿತು. ಆದರೆ ಅವನು ನನ್ನ ಕಣ್ಣನ್ನೇ ನೋಡುತ್ತಿದ್ದ. ಇಷ್ಟು ಕಷ್ಟದ ಪರೀಕ್ಷೆಯನ್ನು ಸುಬೇದಾರರೂ ನನಗೆ ಕೊಟ್ಟಿರಲಿಲ್ಲ. ಲೋಟದೊಳಗೆ ಇಣುಕದೆ ಕುಡಿದು ಕೆಳಗಿಟ್ಟೆ.

"ಅವರ ಮನೇಲೂ ಕುಡ್ದಿದ್ದೆ ಕಣಣ್ಣ," ಎಂದೆ. "ನೀರು ಹಿಂಗೇ ತಣ್ಣಗಿತ್ತು."

ಲೋಟಕ್ಕೆ ಚಾಚಿದ್ದ ಕೈಯನ್ನು ಚಿಕ್ಕಣ್ಣ ಹಿಂದಕ್ಕೆಳೆದುಕೊಂಡ. ನಾನು ಬಾಯಿಟ್ಟ ಲೋಟ ಅಲ್ಲೇ ಉಳಿಯಿತು.