ವಾರಾನ್ನ ಬಿಡಿಸಿದವಳು

ನನಗೆ ಮೊದಲಿನಿಂದಲೂ ಬಾಯಿ ಜೋರು. ಅರವತ್ತರ ದಶಕದ ಆರಂಭದಲ್ಲಿ ಜಯನಗರದ ನಮ್ಮ ಮಹಿಳಾ ಸಮಾಜದವರು ಬಡ ವಿದ್ಯಾರ್ಥಿಗಳಿಗೆ ಒಂದು ಊಟದ ಮನೆ ತೆರೆಯಬೇಕೆಂದಾಗ, ಮನೆ ಮನೆಗೆ ಹೋಗಿ ಜನರನ್ನು ಒಪ್ಪಿಸುವ ಕೆಲಸವನ್ನು ನನಗೇ ಕಟ್ಟಿದ್ದು ಅದಕ್ಕೇ.

ಆಗ ಹಳ್ಳಿಯಿಂದ ಓದಲು ಬಂದ ಎಷ್ಟೋ ಹುಡುಗರು ವಾರಾನ್ನದಲ್ಲಿ ಬದುಕುತ್ತಿದ್ದರು: ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ನಮ್ಮ ಮನೆಯ ಗುರುವಾರ ಒಬ್ಬ ಕಾಲೇಜು ಹುಡುಗನದು. ನಡುಮನೆಯ ಮೂಲೆಯಲ್ಲಿ ತಲೆ ತಗ್ಗಿಸಿ ಉಣ್ಣುತ್ತಿದ್ದ. ಇನ್ನಷ್ಟು ಬೇಕೆಂದು ಒಂದು ದಿನವೂ ಕೇಳಿದವನಲ್ಲ. ಅದನ್ನು ನೋಡಿ ನನಗೆ ಮೈ ಉರಿಯುತ್ತಿತ್ತು. ದಾನ ಅಂದರೆ ಇದೇನಾ? ಜಾತಿ ಕೇಳಿ ಬಡಿಸುವ ಈ ಅನ್ನಕ್ಕಿಂತ, ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವ ಊಟದ ಮನೆ ಎಷ್ಟೋ ಮೇಲು. ವಾರಾನ್ನ ನಿಲ್ಲಿಸಿ, ಅದರ ಬದಲು ದಿನಕ್ಕೊಂದು ಹಿಡಿ ಅಕ್ಕಿ ತೆಗೆದಿಡಿ ಎಂದು ತ್ಯಾಗರಾಜನಗರದಿಂದ ತಿಲಕ್ ನಗರದವರೆಗೆ ಹೇಳಿಕೊಂಡು ತಿರುಗಿದೆ. ನನ್ನ ವಾದದಲ್ಲಿ ತಪ್ಪಿರಲಿಲ್ಲ ಎಂದು ಇವತ್ತಿಗೂ ಅನ್ನಿಸುತ್ತದೆ.

ನಮ್ಮತ್ತೆ ಮಾತ್ರ ಸೊಪ್ಪು ಬಿಡಿಸುತ್ತಾ, "ಮೊದ್ಲು ಅಲ್ಲಿ ಒಲೆ ಹತ್ಲಿ ಕಣೇ, ಆಮೇಲೆ ಇಲ್ಲಿ ಬೇಡ ಅನ್ನು," ಎಂದರು. ಊರಿಗೆಲ್ಲ ಹೇಳಿ ನಮ್ಮ ಮನೆಯಲ್ಲೇ ಮುಂದುವರಿಸಿದರೆ ಜನ ನಗುವುದಿಲ್ಲವೇ ಎಂದು ರೇಗಿದೆ. ಗುರುವಾರ ಅವನು ಬಂದಾಗ ಗೇಟಿನ ಹತ್ತಿರವೇ ನಿಲ್ಲಿಸಿ ಅದೇ ಭಾಷಣ ಮಾಡಿದೆ. ಕಂಡವರ ಬಾಗಿಲು ಕಾಯುವುದು ಸ್ವಾಭಿಮಾನವಲ್ಲ, ಮುಂದಿನ ತಿಂಗಳು ಊಟದ ಮನೆ ಶುರುವಾಗುತ್ತದೆ, ಅಲ್ಲಿಯವರೆಗೆ ಹೇಗಾದರೂ ಸುಧಾರಿಸಿಕೋ ಎಂದೆ. "ಸರಿ ಅಮ್ಮ, ನೀವ್ ಹೇಳೋದು ನಿಜ," ಎಂದು ಹೊರಟುಹೋದ. ಒಳಗೆ ಹುಳಿ ಕುದಿಯುತ್ತಿತ್ತು. ಅಯ್ಯೋ, ಅವತ್ತೊಂದು ದಿನವಾದರೂ ಉಣ್ಣಿಸಿ ಕಳಿಸಬಾರದಿತ್ತೇ ನಾನು.

ಮುಂದಿನ ತಿಂಗಳು ಊಟದ ಮನೆ ಶುರುವಾಗಲಿಲ್ಲ. ಒಂದೇ ಪಂಕ್ತಿ ಎಂದದ್ದಕ್ಕೆ ಅಡುಗೆಯವರು ಒಪ್ಪಲಿಲ್ಲ; ಬಾಡಿಗೆಗೆ ಕೊಡುತ್ತೇನೆಂದಿದ್ದ ಮನೆಯ ಯಜಮಾನರೂ ಹಿಂದೆ ಸರಿದರು. ನಾನು ಪಟ್ಟು ಬಿಡಲಿಲ್ಲ. ಸಭೆಯ ಮೇಲೆ ಸಭೆ, ಕಾಫಿಯ ಮೇಲೆ ಕಾಫಿ. ಮನೆಗಳಿಂದ ಬಂದ ಅಕ್ಕಿಗೆ ಡಬ್ಬದಲ್ಲೇ ಹುಳ ಹಿಡಿಯಿತು. ಅಷ್ಟರಲ್ಲಿ ವಾರಾನ್ನ ಹಾಕುತ್ತಿದ್ದವರೆಲ್ಲ, ತಲೆನೋವು ತಪ್ಪಿತೆಂದು, ನನ್ನ ಮಾತನ್ನು ಚಾಚೂ ತಪ್ಪದೆ ಪಾಲಿಸಿದ್ದರು.

ಕೊನೆಗೂ ಊಟದ ಮನೆ ತೆರೆದ ದಿನ ಪಂಕ್ತಿಯುದ್ದಕ್ಕೂ ನಮ್ಮ ಗುರುವಾರದ ಹುಡುಗನನ್ನು ಹುಡುಕಿದೆ. ಕಾಣಲಿಲ್ಲ. ಅವನ ಜೊತೆ ಒಂದೇ ರೂಮಿನಲ್ಲಿದ್ದ ಹುಡುಗನೊಬ್ಬ ಊಟಕ್ಕೆ ಕೂತಿದ್ದ, ವಿಚಾರಿಸಿದೆ. ಹೊಟ್ಟೆಗಿಲ್ಲದೆ ಕಾಯಿಲೆ ಬಿದ್ದು, ಪರೀಕ್ಷೆಗೂ ಕೂರದೆ ಊರಿಗೆ ಹೋಗಿಬಿಟ್ಟ, ಇನ್ನು ಓದಲು ಬರುವುದಿಲ್ಲ ಎಂದ. ಹಾಗಾದರೆ ಯಾರೂ ಅವನನ್ನು ಊಟಕ್ಕೆ ಕರೆಯಲಿಲ್ಲವೇ ಎಂದು ಕೇಳಿದೆ.

"ತಿಲಕ್ ನಗರದಲ್ಲಿ ಒಬ್ರು ಅಜ್ಜಿ ಕರೀತಾನೇ ಇದ್ರು. ಇವ್ನೇ ಹೋಗ್ಲಿಲ್ಲ. ಜಯನಗರದ ಅಮ್ಮ ಹೇಳಿದ್ದೇ ಸರಿ, ಇನ್ಮೇಲೆ ಯಾರ ಮನೆ ಬಾಗ್ಲಿಗೂ ಹೋಗಲ್ಲ ಅಂದ."

ಆ ಅಮ್ಮ ನಾನೇ ಎಂದು ಈ ಹುಡುಗನಿಗೆ ಗೊತ್ತಿರಲಿಲ್ಲ. ಅವನ ಎಲೆಗೆ ಅನ್ನ ಬಡಿಸಿ ಮುಂದಕ್ಕೆ ಹೋದೆ.